ಹತ್ತು ನಿಮಿಷ ಕಿವಿ ಕೊಡಿ

ಒಂದು ಕಾಲಕ್ಕೆ ನಮ್ಮ ಮನೆಯಲ್ಲಿ ಗೋಡೆ ಗಡಿಯಾರಕ್ಕಿಂತ ರೇಡಿಯೊ ಮಾತಿಗೇ ಬೆಲೆ ಹೆಚ್ಚು. ವಾರ್ತೆಗೆ ಮುಂಚೆ ಬರುವ ‘ಪೀಂ ಪೀಂ’ ಸದ್ದಿಗಾಗಿ ಅಪ್ಪ ಕೈಗಡಿಯಾರದ ತಿರುಪು ಹಿಡಿದು ಕಾಯುತ್ತಿದ್ದರು. ಸಂಸ್ಕೃತ ವಾರ್ತೆ ಬಂತೆಂದರೆ ಹಾಲು ಕಾಯಿಸುವ ಹೊತ್ತು. ಕನ್ನಡ ವಾರ್ತೆ ಮುಗಿಯುವುದರೊಳಗೆ ನಮ್ಮ ಸ್ನಾನವಾಗಬೇಕು. ಚಿತ್ರಗೀತೆಯ ಕೊನೆಯ ಹಾಡಿಗೆ ಪುಸ್ತಕದ ಚೀಲ ಹೆಗಲೇರಿರಬೇಕು. ‘ಇಯಂ ಆಕಾಶವಾಣೀ, ಸಂಪ್ರತಿ ವಾರ್ತಾಃ ಶ್ರೂಯಂತಾಮ್’ ಎಂಬ ಮಾತು ಅರ್ಥ ತಿಳಿಯುವ ಮೊದಲೇ ನಮಗೆಲ್ಲ ಬಾಯಿಪಾಠವಾಗಿತ್ತು. 1974ರ ಜೂನ್ 30ರಂದು ಆಕಾಶವಾಣಿ ಸಂಸ್ಕೃತ ವಾರ್ತೆ ಆರಂಭಿಸಿದ ಮೇಲೆ ಸಂಸ್ಕೃತ ಬಾರದ ಎಷ್ಟೋ ಮನೆಗಳಲ್ಲಿ ಇದೇ ಕಥೆ.

ಈಗ ಅದೇ ಮನೆಯಲ್ಲಿ ಗೋಡೆಗೆ ಟಿ.ವಿ., ಪ್ರತಿಯೊಬ್ಬರ ಕೈಯಲ್ಲಿ ಮೊಬೈಲು. ರೇಡಿಯೊ ಮಾತ್ರ ಅಪ್ಪನ ಕೋಣೆಯ ಕಿಟಕಿಯ ಮೇಲೆ, ಅವರೊಬ್ಬರಿಗಾಗಿ ಹಾಡುತ್ತ ಕೂತಿತ್ತು. ಅದು ಮತ್ತೆ ನಡುಮನೆಗೆ ಬಂದದ್ದು ನಮ್ಮ ಮಗ ಹತ್ತನೇ ತರಗತಿಗೆ ಕಾಲಿಟ್ಟ ವರ್ಷ. ಅವನ ತರಗತಿ ಶಿಕ್ಷಕಿ ಪೋಷಕರ ಸಭೆಯಲ್ಲಿ ಒಂದು ಮಾತು ಹೇಳಿದರು: ‘ಹುಡುಗ ದಡ್ಡನಲ್ಲ. ಆದರೆ ಅವನಿಗೆ ಕೇಳಿಸಿಕೊಳ್ಳೋದಕ್ಕೆ ಬರೋದಿಲ್ಲ. ಐದು ನಿಮಿಷ ಪಾಠ ಮಾಡಿದರೆ ಮೂರನೇ ನಿಮಿಷಕ್ಕೆ ಎಲ್ಲೋ ಹೋಗಿಬಿಟ್ಟಿರ್ತಾನೆ.’

ಕಣ್ಣಿನ ತಪಾಸಣೆಗೆ ಕರೆದೊಯ್ಯುತ್ತೇವೆ, ಹಲ್ಲಿನ ತಪಾಸಣೆಗೆ ಕರೆದೊಯ್ಯುತ್ತೇವೆ. ಕೇಳಿಸಿಕೊಳ್ಳಲು ಕಲಿಸುವವರು ಎಲ್ಲಿದ್ದಾರೆ? ಮನೆಗೆ ಬಂದು ಇದನ್ನು ಹೇಳಿದಾಗ ಅಪ್ಪ ಒಂದೇ ಮಾತು ಅಂದರು: ‘ನಾಳೆ ಬೆಳಿಗ್ಗೆ ವಾರ್ತೆ ಹೊತ್ತಿಗೆ ಅವನನ್ನ ನನ್ನ ಹತ್ತಿರ ಕೂರಿಸು. ಹತ್ತೇ ನಿಮಿಷ.’

ನೋಟ್‌ಬುಕ್ಕಿನ ಮೊದಲ ಪುಟ

ಕ್ರಮ ಬಹಳ ಸರಳ. ವಾರ್ತೆ ಬರುವಾಗ ಏನೂ ಬರೆದುಕೊಳ್ಳುವಂತಿಲ್ಲ, ಸುಮ್ಮನೆ ಕೇಳಬೇಕು. ಮುಗಿದ ಮೇಲೆ ನೆನಪಿನಲ್ಲಿ ಉಳಿದಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮೊದಲ ದಿನ ಅವನು ಬರೆದದ್ದು ಎರಡೇ ಸಾಲು. ಒಂದು ಕ್ರಿಕೆಟ್, ಇನ್ನೊಂದು ಮಳೆ. ಎರಡನೇ ದಿನವೂ ಅಷ್ಟೇ. ಮೂರನೇ ದಿನ ಬರಲೊಲ್ಲೆನೆಂದು ಹಟ ಹಿಡಿದ. ಅಪ್ಪ ಬೈಯಲಿಲ್ಲ. ‘ಸರಿ, ನೀನು ಬರೆಯಬೇಡ, ನಾನು ಬರೀತೀನಿ, ನೀನು ಹೇಳು’ ಎಂದರು. ಮೊಮ್ಮಗ ಹೇಳಿದ, ಅಜ್ಜ ಬರೆದರು. ಒಂದು ತಿಂಗಳಾಗುವ ಹೊತ್ತಿಗೆ ಮುಖ್ಯಾಂಶಗಳೆಲ್ಲ ಕ್ರಮವಾಗಿ ಪುಟದಲ್ಲಿ ಇಳಿಯತೊಡಗಿದವು.

ಆಮೇಲೆ ಶುರುವಾದದ್ದು ಪ್ರಶ್ನೆಗಳ ಕಾಟ. ‘ಸುಗ್ರೀವಾಜ್ಞೆ ಅಂದರೇನು ತಾತ, ಇಲ್ಲಿ ಸುಗ್ರೀವ ಯಾಕೆ ಬಂದ?’ ಸೀತೆಯನ್ನು ಹುಡುಕಲು ವಾನರರನ್ನು ಕಳಿಸುವಾಗ ಸುಗ್ರೀವ ತಿಂಗಳ ಗಡುವು ಕೊಟ್ಟು, ತಪ್ಪಿದವರಿಗೆ ಶಿಕ್ಷೆ ಎಂದು ಕಟ್ಟಪ್ಪಣೆ ಮಾಡಿದ ಕಥೆಯನ್ನು ಅಜ್ಜ ಹೇಳಿದರು. ಸಂಸತ್ತಿನ ಅಧಿವೇಶನ ಇಲ್ಲದಾಗ ರಾಷ್ಟ್ರಪತಿ ಹೊರಡಿಸುವ ಆಜ್ಞೆಗೂ ಗಡುವು ಉಂಟು, ಸಂಸತ್ತು ಮತ್ತೆ ಸೇರಿ ಆರು ವಾರಗಳೊಳಗೆ ಅದಕ್ಕೆ ಒಪ್ಪಿಗೆ ಸಿಗದಿದ್ದರೆ ಅದು ಬಿದ್ದುಹೋಗುತ್ತದೆ ಎಂಬುದನ್ನು ನಾನು ಪೌರನೀತಿ ಪುಸ್ತಕ ತೆರೆದು ತೋರಿಸಿದೆ. ಆ ಅಧ್ಯಾಯವನ್ನು ಅವನು ಅದಕ್ಕೆ ಮುಂಚೆ ಎರಡು ಸಲ ಓದಿದ್ದ. ಎರಡು ಸಲವೂ ಮರೆತಿದ್ದ.

ಮಳೆಗಾಲ ಬಂದಾಗ ಗಣಿತವೂ ಬಂತು. ಕೃಷ್ಣರಾಜಸಾಗರಕ್ಕೆ ಇಷ್ಟು ಸಾವಿರ ಕ್ಯೂಸೆಕ್ ಒಳಹರಿವು, ಇಷ್ಟು ಟಿ.ಎಂ.ಸಿ. ಸಂಗ್ರಹ, ನೀರಿನ ಮಟ್ಟ ಇಷ್ಟು ಅಡಿ, ಗರಿಷ್ಠ ಮಟ್ಟ 124.80 ಅಡಿ. ಪ್ರತಿ ಮಳೆಗಾಲದಲ್ಲೂ ಕನ್ನಡ ವಾರ್ತೆ ಕೇಳುವವರಿಗೆ ಈ ಅಂಕಿಗಳು ಪರಿಚಿತ. ಆದರೆ ಲೆಕ್ಕ ಹಾಕಿ ನೋಡಿದವರು ಎಷ್ಟು ಮಂದಿ? ಕ್ಯೂಸೆಕ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್ ನೀರು. ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡುಗಳು. ಹಾಗಾದರೆ 10,000 ಕ್ಯೂಸೆಕ್ ನೀರು ಹಗಲೂ ರಾತ್ರಿ ಹರಿದರೂ ಒಂದು ದಿನಕ್ಕೆ ಒಂದು ಟಿ.ಎಂ.ಸಿ. ತುಂಬುವುದಿಲ್ಲ! 0.864 ಮಾತ್ರ. ಈ ಲೆಕ್ಕ ಮಾಡಿದ ದಿನ ಹುಡುಗ ಕಾವೇರಿಯ ಸುದ್ದಿಯನ್ನು ದೊಡ್ಡವರ ಹಾಗೆ ಗಂಭೀರವಾಗಿ ಕೇಳಿದ.

ಮೈಸೂರಿನ ಮೇಷ್ಟರ ಮನೆಯಿಂದ

ಆಕಾಶವಾಣಿಯ ಕಥೆ ಹೇಳುವಾಗ ಕನ್ನಡಿಗರು ಸ್ವಲ್ಪ ಹೆಮ್ಮೆಪಟ್ಟರೆ ತಪ್ಪಿಲ್ಲ. ಮುಂಬೈಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ನಿಲಯ ಆರಂಭವಾದದ್ದು 1927ರ ಜುಲೈ 23ರಂದು. 1936ರಲ್ಲಿ ಸರ್ಕಾರಿ ಪ್ರಸಾರಕ್ಕೆ ‘ಆಲ್ ಇಂಡಿಯಾ ರೇಡಿಯೊ’ ಎಂಬ ಹೆಸರಾಯಿತು. ಅದಕ್ಕೆ ಮೊದಲೇ, 1935ರ ಸೆಪ್ಟೆಂಬರ್ 10ರಂದು, ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ ಒಂದು ಬಾನುಲಿ ಕೇಂದ್ರ ತೆರೆದರು. ಹಳೆಯ ಕಾಲದ ಬಲ್ಬೊಂದನ್ನು ಉರಿಸುವಷ್ಟು ಶಕ್ತಿಯ ಪುಟ್ಟ ಪ್ರೇಷಕ ಅದು. ಸರ್ಕಾರದ ಇಲಾಖೆಯಲ್ಲ, ದೊಡ್ಡ ಕಂಪನಿಯಲ್ಲ, ಒಬ್ಬ ಮೇಷ್ಟರ ಮನೆ. ಆ ಕೇಂದ್ರಕ್ಕೆ ಇಟ್ಟ ಹೆಸರೇ ‘ಆಕಾಶವಾಣಿ’.

ಮುಂದೆ ಆ ಕೇಂದ್ರವನ್ನು ಮೈಸೂರು ಸರ್ಕಾರ ವಹಿಸಿಕೊಂಡಿತು. 1955ರಲ್ಲಿ ಅದು ಬೆಂಗಳೂರಿಗೆ ಬಂತು. 1950ರ ದಶಕದಲ್ಲಿ ಇಡೀ ದೇಶದ ಬಾನುಲಿಗೆ ಆ ಹೆಸರು ನಿಂತಿತು. 2023ರ ಮೇ ತಿಂಗಳಲ್ಲಿ ‘ಆಲ್ ಇಂಡಿಯಾ ರೇಡಿಯೊ’ ಎಂಬ ಇಂಗ್ಲಿಷ್ ಹೆಸರನ್ನೂ ಕೈಬಿಟ್ಟು ‘ಆಕಾಶವಾಣಿ’ ಎಂದೇ ಕರೆಯಬೇಕೆಂಬ ಆದೇಶ ಹೊರಟಿತು. ಮೇಷ್ಟರ ಮನೆಯ ಹೆಸರು ದೇಶದ ಹೆಸರಾಗಲು ಹೀಗೆ ಸುಮಾರು 90 ವರ್ಷ ಹಿಡಿಯಿತು.

ಧಾರವಾಡ ಕೇಂದ್ರ 1950ರಲ್ಲಿ, ಭದ್ರಾವತಿ 1965ರಲ್ಲಿ, ಕಲಬುರ್ಗಿ 1966ರಲ್ಲಿ, ಮಂಗಳೂರು 1976ರಲ್ಲಿ ಮಾತನಾಡತೊಡಗಿದವು. ಧಾರವಾಡ ಕೇಂದ್ರಕ್ಕೆ ಸಾಹಿತ್ಯ ಸಲಹೆಗಾರರಾಗಿದ್ದವರು ದ.ರಾ. ಬೇಂದ್ರೆ, ಸಂಗೀತ ಸಲಹೆಗಾರರಾಗಿದ್ದವರು ಮಲ್ಲಿಕಾರ್ಜುನ ಮನಸೂರ. ಎನ್ಕೆ ಕುಲಕರ್ಣಿಯವರ ನಾಟಕಗಳನ್ನು ಕೇಳಲು ಜನ ಕಾದು ಕೂರುತ್ತಿದ್ದರು. ಬೆಂಗಳೂರಿನಲ್ಲಿ ರೈತರ ಕಾರ್ಯಕ್ರಮದಲ್ಲಿ ಹಳ್ಳಿಯ ಮಾತಿನಲ್ಲೇ ಗೊಬ್ಬರ, ಬೀಜಗಳ ವಿಷಯ ಹೇಳುತ್ತಿದ್ದ ‘ಈರಣ್ಣ’ ಎಷ್ಟು ಜನಪ್ರಿಯನೆಂದರೆ, ಆ ಪಾತ್ರ ಮಾಡಿದ ಎ.ಎಸ್. ಮೂರ್ತಿಯವರು ಕೊನೆಯವರೆಗೂ ‘ಆಕಾಶವಾಣಿ ಈರಣ್ಣ’ನೇ ಆಗಿ ಉಳಿದರು. ಮೈಸೂರಿಗೆ ಹೋಗಲಾಗದವರು ದಸರೆಯ ಜಂಬೂ ಸವಾರಿಯನ್ನು ಕಂಡದ್ದೂ ವೀಕ್ಷಕ ವಿವರಣೆಕಾರರ ಬಾಯಿಯ ಮೂಲಕವೇ. ಅಂಬಾರಿ ಹೊತ್ತ ಆನೆ ಯಾವ ಬೀದಿಗೆ ತಿರುಗಿತು ಎಂದು ಅವರು ಹೇಳಿದರೆ ಹಳ್ಳಿಯ ಜಗಲಿಯಲ್ಲಿ ಕೂತವರು ಕೈ ಮುಗಿಯುತ್ತಿದ್ದರು.

ಕಣ್ಣಿಗೆ ಬಿಡುವು, ಬುದ್ಧಿಗೆ ಕೆಲಸ

ಟಿ.ವಿ. ಇರುವಾಗ ರೇಡಿಯೊ ಏಕೆ ಎಂದು ಮಕ್ಕಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ವಾರ್ತೆಯ ಕಟ್ಟಡದಲ್ಲೇ ಇದೆ. ಆಕಾಶವಾಣಿಯ ವಾರ್ತಾ ಸಂಚಿಕೆ ಐದು ನಿಮಿಷ, ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು ನಿಮಿಷದ್ದು. ಹತ್ತು ನಿಮಿಷದ ಸಂಚಿಕೆಯನ್ನು ಅಚ್ಚು ಹಾಕಿದರೆ ದಿನಪತ್ರಿಕೆಯ ಅರ್ಧ ಪುಟವೂ ತುಂಬದು. ಅಷ್ಟರಲ್ಲಿ ದೇಶ, ರಾಜ್ಯ, ವಿದೇಶ, ಆಟ, ಹವಾಮಾನ ಎಲ್ಲ ಬರಬೇಕು. ಹಾಗಾಗಿ ಕೂಗಾಟಕ್ಕೆ ಜಾಗವಿಲ್ಲ, ಒಂದೇ ದೃಶ್ಯವನ್ನು ಇಪ್ಪತ್ತು ಸಲ ತೋರಿಸುವ ಪ್ರಶ್ನೆಯೇ ಇಲ್ಲ.

ಪತ್ರಿಕೆ ಓದುವವನು ಅರ್ಥವಾಗದಿದ್ದರೆ ಹಿಂದಿನ ಸಾಲಿಗೆ ಹೋಗಬಹುದು. ಕೇಳುವವನಿಗೆ ಆ ಸೌಲಭ್ಯವಿಲ್ಲ. ಆದ್ದರಿಂದ ಬಾನುಲಿಗೆ ಬರೆಯುವವರು ವಾಕ್ಯವನ್ನು ಚಿಕ್ಕದು ಮಾಡುತ್ತಾರೆ. ಯಾರು ಹೇಳಿದರು ಎಂಬುದನ್ನು ಮೊದಲೇ ಹೇಳುತ್ತಾರೆ. ಕೊನೆಗೆ ‘ಮತ್ತೊಮ್ಮೆ ಮುಖ್ಯಾಂಶಗಳು’ ಎಂದು ಇಡೀ ಪಾಠವನ್ನು ಮಡಚಿ ಕೈಗಿಡುತ್ತಾರೆ. ಒಳ್ಳೆಯ ಪ್ರಬಂಧ ಬರೆಯುವ ವಿಧಾನವೂ ಇದೇ ಅಲ್ಲವೇ? ಮೊದಲು ಸಾರಾಂಶ, ಆಮೇಲೆ ವಿವರ, ಕೊನೆಗೆ ಮತ್ತೆ ಸಾರಾಂಶ.

ಇನ್ನು ಉಚ್ಚಾರ. ಅಕಾರ ಹಕಾರ, ಅಲ್ಪಪ್ರಾಣ ಮಹಾಪ್ರಾಣ, ಶ ಷ ಸ ಇವುಗಳ ವ್ಯತ್ಯಾಸವನ್ನು ವ್ಯಾಕರಣ ಪುಸ್ತಕ ಕಣ್ಣಿಗೆ ಹೇಳುತ್ತದೆ, ವಾರ್ತಾವಾಚಕರು ಕಿವಿಗೆ ಹೇಳುತ್ತಾರೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ದೊಡ್ಡ ಸಂಖ್ಯೆಗಳನ್ನು ಕನ್ನಡದಲ್ಲಿ ಕೇಳುವುದೇ ಒಂದು ಅಭ್ಯಾಸ. ‘ಎಪ್ಪತ್ತೊಂಬತ್ತು’ ಎಂದರೆ ಎಷ್ಟು ಎಂದು ನಮ್ಮ ಮಗನಿಗೂ ಒಂದು ಕ್ಷಣ ಯೋಚಿಸಬೇಕಾಗಿತ್ತು. ಕನ್ನಡ ಮಾಧ್ಯಮದವರಿಗೆ ಇದರ ತಿರುಗುಮುರುಗು ಲಾಭ. ಆಕಾಶವಾಣಿಯ ಇಂಗ್ಲಿಷ್ ವಾರ್ತೆಯ ನಿಧಾನ, ಸ್ಪಷ್ಟ ಓದು ಎಷ್ಟೋ ಹಳ್ಳಿಯ ಹುಡುಗರಿಗೆ ಹಣ ಕೊಡದ ಟ್ಯೂಷನ್ ಆಗಿದೆ. ಹಿಂದೆ ಆಕಾಶವಾಣಿ ‘ಮಂದಗತಿ’ಯ ವಾರ್ತೆಯನ್ನೂ ಪ್ರಸಾರ ಮಾಡುತ್ತಿತ್ತು. ಟೆಲಿಪ್ರಿಂಟರ್ ಇಟ್ಟುಕೊಳ್ಳಲಾರದ ಸಣ್ಣ ಪತ್ರಿಕೆಗಳವರು ಅದನ್ನು ಕೇಳಿ ಬರೆದುಕೊಂಡು ಮರುದಿನ ಅಚ್ಚು ಹಾಕುತ್ತಿದ್ದರು.

ಪಾಠಕ್ಕೂ ರೇಡಿಯೊಗೂ ನಮ್ಮ ರಾಜ್ಯದಲ್ಲಿ ಹಳೆಯ ನಂಟು. ಈ ಶತಮಾನದ ಮೊದಲ ದಶಕದಲ್ಲಿ ಸರ್ಕಾರಿ ಶಾಲೆಗಳ ಮಕ್ಕಳಿಗಾಗಿ ‘ಚಿನ್ನರ ಚುಕ್ಕಿ’, ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ ಎಂಬ ಬಾನುಲಿ ಪಾಠಗಳು ಬಂದವು. ಹಾಡು, ಆಟ, ಪ್ರಶ್ನೆ. ಉತ್ತರ ಹೇಳಲು ನಡುವೆ ಸ್ವಲ್ಪ ಮೌನ. ಆ ಮೌನದಲ್ಲಿ ತರಗತಿಯ ಮಕ್ಕಳೆಲ್ಲ ಒಟ್ಟಿಗೆ ಕೂಗಿ ಉತ್ತರಿಸುತ್ತಿದ್ದರು. ಆಗ ಶಾಲೆಯಲ್ಲಿ ಓದಿದವರು ಈಗ ಉದ್ಯೋಗದಲ್ಲಿದ್ದಾರೆ. ಕೇಳಿ ನೋಡಿ, ಪಾಠ ಮರೆತಿರಬಹುದು, ಹಾಡು ಮರೆತಿರುವುದಿಲ್ಲ.

ಪ್ರಶ್ನೆ ಕೇಳುವ ಕಿವಿ

ಆದರೆ ರೇಡಿಯೊ ಹೇಳಿದ್ದೆಲ್ಲ ವೇದವಾಕ್ಯವೆಂದು ಮಕ್ಕಳಿಗೆ ಕಲಿಸಬಾರದು. ಒಂದು ಭಾನುವಾರ ನಮ್ಮ ಮಗನೇ ಕೇಳಿದ: ‘ವಾರ್ತೆಯಲ್ಲಿ ಯಾವಾಗಲೂ ಮಂತ್ರಿಗಳು ಹೇಳಿದ್ದೇ ಮೊದಲು ಬರುತ್ತಲ್ಲ, ಯಾಕೆ?’ ಅಜ್ಜ ನಕ್ಕರು. ಆಮೇಲೆ ಎರಡು ದಿನಗಳ ಕಥೆ ಹೇಳಿದರು.

ಮೊದಲನೆಯದು 1975ರ ಜೂನ್ 26ರ ಬೆಳಿಗ್ಗೆ. ತುರ್ತುಪರಿಸ್ಥಿತಿ ಘೋಷಣೆಯಾಗಿದೆ ಎಂದು ಪ್ರಧಾನಿ ಇಂದಿರಾ ಗಾಂಧಿ ದೇಶಕ್ಕೆ ತಿಳಿಸಿದ್ದು ಆಕಾಶವಾಣಿಯ ಮೂಲಕ. ಆ ಬಳಿಕ ತಿಂಗಳುಗಟ್ಟಲೆ ವಾರ್ತೆಯಲ್ಲಿ ಕೇಳಿದ್ದು ಸರ್ಕಾರದ ದನಿ ಮಾತ್ರ. ಜನ ‘ಆಲ್ ಇಂದಿರಾ ರೇಡಿಯೊ’ ಎಂದು ಗೇಲಿ ಮಾಡಿದರು. ಎರಡನೆಯದು 1984ರ ಅಕ್ಟೋಬರ್ 31. ಬೆಳಿಗ್ಗೆ ಇಂದಿರಾ ಅವರ ಮೇಲೆ ಗುಂಡು ಹಾರಿತು. ಅವರು ತೀರಿಕೊಂಡ ಸುದ್ದಿಯನ್ನು ಬಿಬಿಸಿ ಮೊದಲೇ ಹೇಳಿತು, ಆಕಾಶವಾಣಿ ಹೇಳಿದ್ದು ಸಂಜೆ. ‘ನಮ್ಮ ದೇಶದ ಸುದ್ದಿಗೆ ಆವತ್ತು ನಾವು ಲಂಡನ್ ಸ್ಟೇಷನ್ ತಿರುಗಿಸಿದ್ವಿ’ ಎಂದರು ಅಪ್ಪ. ಅವರ ದನಿಯಲ್ಲಿ ಇನ್ನೂ ಸ್ವಲ್ಪ ನಾಚಿಕೆ ಇತ್ತು.

ಈ ಕೊರತೆಗೆ ಮದ್ದು ಹುಡುಕುವ ಪ್ರಯತ್ನವೂ ನಡೆದಿದೆ. ಬಾನುಲಿಗೆ ಸ್ವಾಯತ್ತತೆ ಬೇಕೆಂದು ಪ್ರಸಾರ ಭಾರತಿ ಕಾಯ್ದೆ 1990ರಲ್ಲಿ ಬಂತು. ಜಾರಿಗೆ ಬರಲು 1997 ಆಯಿತು. 1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು, ಕ್ರಿಕೆಟ್ ಪಂದ್ಯದ ಪ್ರಸಾರದ ಹಕ್ಕಿನ ಮೊಕದ್ದಮೆಯೊಂದರಲ್ಲಿ, ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸಾರಿತು. ಅಂದರೆ ಅವು ಸರ್ಕಾರದ್ದೂ ಅಲ್ಲ, ಕಂಪನಿಗಳದ್ದೂ ಅಲ್ಲ. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಆರಂಭವಾಯಿತು. ಆದರೆ ಸ್ವಂತ ಸುದ್ದಿ ಪ್ರಸಾರಕ್ಕೆ ಖಾಸಗಿಯವರಿಗೆ ಅನುಮತಿ ಕೊಡಲಿಲ್ಲ. ಮುಂದೆ ಆಕಾಶವಾಣಿಯ ವಾರ್ತೆಯನ್ನು ಮರುಪ್ರಸಾರ ಮಾಡಲಷ್ಟೇ ಅವಕಾಶ ಸಿಕ್ಕಿತು.

ಹಾಗಾಗಿ ನಮ್ಮ ಮನೆಯ ನಿಯಮಕ್ಕೆ ಇನ್ನೊಂದು ಸೇರಿಸಿದೆವು. ಬೆಳಿಗ್ಗೆ ರೇಡಿಯೊದಲ್ಲಿ ಕೇಳಿದ ಒಂದು ಸುದ್ದಿಯನ್ನು ಪತ್ರಿಕೆಯಲ್ಲಿ ಹುಡುಕಿ ಓದಬೇಕು. ಯಾವುದು ಎರಡರಲ್ಲೂ ಇದೆ, ಯಾವುದು ಒಂದರಲ್ಲಿ ಬಿಟ್ಟುಹೋಗಿದೆ, ಯಾರ ಮಾತು ಬಂದಿದೆ, ಯಾರ ಮಾತು ಬಂದಿಲ್ಲ? ಈ ನಾಲ್ಕು ಪ್ರಶ್ನೆ ಕೇಳಲು ಕಲಿತ ಹುಡುಗನನ್ನು ಮೊಬೈಲಿಗೆ ಬರುವ ಗಾಳಿಸುದ್ದಿ ಅಷ್ಟು ಸುಲಭವಾಗಿ ಮೋಸಗೊಳಿಸಲಾರದು.

ಶುರು ಮಾಡುವುದು ಹೇಗೆ?

ಮೊದಲು ಒಂದೇ ಒಂದು ಸಂಚಿಕೆಯನ್ನು ಆರಿಸಿಕೊಳ್ಳಿ. ದಿನವಿಡೀ ರೇಡಿಯೊ ಹಾಕಿಟ್ಟರೆ ಅದು ಫ್ಯಾನಿನ ಸದ್ದಿನಂತೆ ಕಿವಿಗೆ ಕೇಳಿಸದಂತಾಗುತ್ತದೆ. ನಿಮ್ಮ ಊರಿಗೆ ಯಾವ ಕೇಂದ್ರ ಚೆನ್ನಾಗಿ ಸಿಗುತ್ತದೆ, ಕನ್ನಡ ವಾರ್ತೆ ಎಷ್ಟು ಹೊತ್ತಿಗೆ ಎಂದು ಎರಡು ದಿನ ಗಮನಿಸಿ ಗೋಡೆಗೆ ಬರೆದು ಅಂಟಿಸಿ. ಕೈಯಲ್ಲಿ ಹಿಡಿಯುವ ರೇಡಿಯೊ ಅಂಗಡಿಗಳಲ್ಲಿ ಇನ್ನೂ ಸಿಗುತ್ತದೆ. ಹಲವು ಮೊಬೈಲುಗಳಲ್ಲೇ ಎಫ್.ಎಂ. ಇರುತ್ತದೆ, ಇಯರ್‌ಫೋನಿನ ತಂತಿಯೇ ಅದಕ್ಕೆ ಏರಿಯಲ್. ಆಕಾಶವಾಣಿಯ ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ದೇಶದ ನಾನಾ ಕೇಂದ್ರಗಳನ್ನು ಎಲ್ಲಿ ಕೂತರೂ ಕೇಳಬಹುದು. ಆದರೂ ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಗೆ ಬೇರೆ ರೇಡಿಯೊವೇ ಒಳ್ಳೆಯದು. ಮೊಬೈಲಿನಲ್ಲಿ ವಾರ್ತೆ ಮುಗಿದ ಮೇಲೆ ಕೈ ಸುಮ್ಮನಿರುವುದಿಲ್ಲ.

ವಾರ್ತೆ ರೂಢಿಯಾದ ಮೇಲೆ ವಾರಕ್ಕೆ ಒಂದು ಭಾಷಣ ಅಥವಾ ಚರ್ಚೆ, ಒಂದು ನಾಟಕ, ಒಂದು ಸಂಗೀತ ಕಛೇರಿ ಸೇರಿಸಿಕೊಳ್ಳಿ. ಅರ್ಥವಾಗದ ಪದಕ್ಕೆ ನಿಘಂಟು, ಗೊತ್ತಿಲ್ಲದ ಊರಿಗೆ ಅಟ್ಲಾಸ್ ಪಕ್ಕದಲ್ಲಿರಲಿ. ತಂದೆ ತಾಯಿಯರಿಗೆ ಒಂದು ಮಾತು: ಮಗುವನ್ನು ರೇಡಿಯೊ ಮುಂದೆ ಕೂರಿಸಿ ನೀವು ಮೊಬೈಲ್ ಹಿಡಿದರೆ ಫಲವಿಲ್ಲ. ಆ ಹತ್ತು ನಿಮಿಷ ನೀವೂ ಕೇಳಬೇಕು.

ವಿಜ್ಞಾನದಲ್ಲಿ ಆಸಕ್ತಿ ಇರುವವರಿಗೆ ರೇಡಿಯೊವೇ ಒಂದು ಪ್ರಯೋಗಶಾಲೆ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಅದನ್ನು ಆವರ್ತನದಿಂದ ಭಾಗಿಸಿದರೆ ತರಂಗಾಂತರ. ಬೆಂಗಳೂರು ಕೇಂದ್ರ ಹಳಬರಿಗೆಲ್ಲ ಪರಿಚಯವಾಗಿದ್ದು 612 ಕಿಲೋಹರ್ಟ್ಸ್ ಎಂದು. ಲೆಕ್ಕ ಮಾಡಿದರೆ ಒಂದೊಂದು ಅಲೆಯ ಉದ್ದ ಸುಮಾರು 490 ಮೀಟರ್, ಅರ್ಧ ಕಿಲೋಮೀಟರಿನ ಹತ್ತಿರ! ಎಫ್.ಎಂ.ನ ಅಲೆ ಮೂರು ಮೀಟರಿನ ಆಸುಪಾಸು. ಅದು ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಬೆಟ್ಟ ಅಡ್ಡ ಬಂದರೆ, ದೂರ ಹೆಚ್ಚಾದರೆ ಸಿಗದು. ಮೀಡಿಯಂ ವೇವ್ ಅಲೆಗಳು ಹಗಲಿನಲ್ಲಿ ನೆಲದ ಮೇಲೆ ಸಾಗಿ ಸೊರಗುತ್ತವೆ. ರಾತ್ರಿಯಾದಾಗ ಅವನ್ನು ಹೀರುತ್ತಿದ್ದ ಅಯಾನುಗೋಳದ ಕೆಳಪದರ ಕರಗಿಹೋಗಿ, ಮೇಲಿನ ಪದರಕ್ಕೆ ಬಡಿದು ನೂರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ರಾತ್ರಿ ಒಂಬತ್ತರ ಮೇಲೆ ಮುಳ್ಳನ್ನು ಮೆಲ್ಲಗೆ ತಿರುಗಿಸಿ ನೋಡಿ. ಹಗಲಿನಲ್ಲಿ ಸಿಗದ ದೂರದ ಊರಿನ ದನಿ, ಗೊತ್ತಿಲ್ಲದ ಭಾಷೆ, ಏರುತ್ತ ಇಳಿಯುತ್ತ ಬರುತ್ತದೆ.

ಕೇಳುವವರಿದ್ದರೆ ಹೇಳುವವರು

ಹಿಂದೆ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. ಆ ಶುಲ್ಕ 1980ರ ದಶಕದಲ್ಲಿ ಹೋಯಿತು. ಅದರ ಜೊತೆಗೆ, ಇದು ನಮ್ಮ ದುಡ್ಡಿನಿಂದ ನಡೆಯುವ ಸಂಸ್ಥೆ ಎಂಬ ನೆನಪೂ ಹೋಯಿತೋ ಏನೋ. ಇಂದಿಗೂ ಅದು ನಡೆಯುವುದು ಬಹುಪಾಲು ಜನರ ತೆರಿಗೆಯ ಹಣದಿಂದಲೇ. ಕೇಳುವವರು ಕಡಿಮೆಯಾದಂತೆ ಕಾರ್ಯಕ್ರಮಗಳೂ ಸೊರಗುತ್ತವೆ. 1988ರಿಂದ ರಾತ್ರಿಯೆಲ್ಲ ಮಾತನಾಡುತ್ತಿದ್ದ ಆಕಾಶವಾಣಿಯ ರಾಷ್ಟ್ರೀಯ ವಾಹಿನಿಯನ್ನು ಮುಚ್ಚುವ ತೀರ್ಮಾನ 2018ರ ಡಿಸೆಂಬರಿನಲ್ಲಿ ಆಯಿತು. ಹಾಗಾಗಿ ಒಳ್ಳೆಯ ಕಾರ್ಯಕ್ರಮ ಕೇಳಿದರೆ ಕೇಂದ್ರಕ್ಕೆ ಒಂದು ಕಾರ್ಡು ಬರೆಯಿರಿ. ತಪ್ಪು ಕೇಳಿದರೂ ಬರೆಯಿರಿ. ಮಕ್ಕಳ ಕೈಯಲ್ಲೇ ಬರೆಸಿ.

ನಮ್ಮ ಹುಡುಗ ಹತ್ತನೇ ತರಗತಿ ಮುಗಿಸಿದ. ರ‍್ಯಾಂಕು ಬರಲಿಲ್ಲ, ಆದರೆ ಶಿಕ್ಷಕಿಯ ದೂರು ಮತ್ತೆ ಬರಲಿಲ್ಲ. ನೋಟ್‌ಬುಕ್ಕುಗಳು ಮೂರು ತುಂಬಿವೆ. ಈ ನಡುವೆ ಅಪ್ಪನ ಕಿವಿ ಮಂದವಾಗತೊಡಗಿದೆ. ದನಿ ಕೇಳಿಸುತ್ತದೆ, ಮಾತು ಬಿಡಿಬಿಡಿಯಾಗಿ ತಿಳಿಯುವುದಿಲ್ಲ. ಆದರೂ ವಾರ್ತೆಯ ಹೊತ್ತಿಗೆ ಎಂದಿನಂತೆ ಬಂದು ರೇಡಿಯೊ ಪಕ್ಕ ಕೂರುತ್ತಾರೆ. ವಾರ್ತೆ ಮುಗಿದ ಮೇಲೆ ಮೊಮ್ಮಗ ನೋಟ್‌ಬುಕ್ ಬಿಡಿಸಿಕೊಂಡು ಅವರ ಬಲಗಿವಿಯ ಹತ್ತಿರ ಕೂತು, ದೊಡ್ಡ ದನಿಯಲ್ಲಿ, ನಿಧಾನವಾಗಿ ಓದುತ್ತಾನೆ.

‘ಮತ್ತೊಮ್ಮೆ ಮುಖ್ಯಾಂಶಗಳು, ತಾತ.’